ಮೂವತ್ತು ಬೆಳಗುಗಳ ಮೈಸೂರು

ಮೈಸೂರನ್ನು ನೋಡಲು ಎಷ್ಟು ದಿನ ಬೇಕು? ಪರವೂರಿನ ನಂಟರು ನಮ್ಮ ಮನೆಗೆ ಬಂದಾಗಲೆಲ್ಲ ಕೇಳುವ ಮೊದಲ ಪ್ರಶ್ನೆ ಇದು. ಅರಮನೆಗೆ ಒಂದು ಹೊತ್ತು, ಮೃಗಾಲಯಕ್ಕೆ ಒಂದು ಹೊತ್ತು, ಚಾಮುಂಡಿ ಬೆಟ್ಟಕ್ಕೆ ಒಂದು ಬೆಳಗು, ಕೃಷ್ಣರಾಜಸಾಗರಕ್ಕೆ ಒಂದು ಸಂಜೆ. ಒಟ್ಟು ಎರಡು ದಿನವಾದರೆ ಸಾಕೆಂದು ನಾನು ಗಂಭೀರವಾಗಿ ಉತ್ತರ ಕೊಡುತ್ತಿದ್ದೆ. ವಿದ್ಯಾರ್ಥಿಯಾಗಿ ಬಂದು, ಇಲ್ಲಿಯೇ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುತ್ತ, ಹದಿನೈದು ವರ್ಷಗಳಿಂದ ಈ ಊರಿನ ಅನ್ನ ಉಣ್ಣುತ್ತಿರುವವನು ನಾನು. ಊರು ನನಗೆ ಅಂಗೈ ರೇಖೆಯಷ್ಟು ಪರಿಚಿತವೆಂಬ ಜಂಬವೂ ಇತ್ತು. ಆ ಜಂಬ ಇಳಿದದ್ದು ಕಳೆದ ವರ್ಷ. ಆಗ ಮೂವತ್ತು ಬೆಳಗುಗಳ ಕಾಲ, ಒಂದೇ ದಾರಿಯಲ್ಲಿ, ಒಂದೇ ಆಟೋರಿಕ್ಷಾದಲ್ಲಿ, ನನ್ನ ತಾಯಿಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನು ಮೈಸೂರನ್ನು ನೋಡಿದೆ.

ನಮ್ಮ ತಾಯಿಯವರು ನಂಜನಗೂಡು ಸೀಮೆಯ ಹಳ್ಳಿಯವರು, ವಯಸ್ಸು ಅರವತ್ತಾರು. ನಾಲ್ಕನೆಯ ತರಗತಿಯವರೆಗೆ ಓದಿದವರು. ನನಗೆ ನೆನಪಿರುವ ದಿನದಿಂದಲೂ ಅವರ ಸೊಂಟದಲ್ಲಿ ಎಲೆಯಡಿಕೆಯ ಸಂಚಿಯೊಂದು ಇದ್ದೇ ಇತ್ತು. ಅದರಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿ. ಜೊತೆಗೆ ಒಂದು ಚೂರು ಹೊಗೆಸೊಪ್ಪು. ಮೈಸೂರಿನ ಚಿಗುರೆಲೆಯ ಕೀರ್ತಿಯನ್ನು ವಾಚಕರಿಗೆ ಹೇಳಬೇಕಾಗಿಲ್ಲ. ಊರಿಗೆ ಹೋಗುವಾಗಲೆಲ್ಲ ದೇವರಾಜ ಮಾರುಕಟ್ಟೆಯಲ್ಲಿ ಒಂದು ಕಟ್ಟು ಎಲೆ ಕೊಂಡು ಒಯ್ಯುವುದು ನನ್ನ ಮಾತೃಭಕ್ತಿಯ ಒಂದು ಅಂಗವೇ ಆಗಿತ್ತು. ಇಂದು ಅದನ್ನು ನೆನೆದರೆ ಮನಸ್ಸು ಮುದುಡುತ್ತದೆ. ತಪ್ಪು ಎಲೆಯದಲ್ಲ, ನಿಜ. ಹೊಗೆಸೊಪ್ಪು ವಿಷವೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಹೊಗೆಸೊಪ್ಪಿಲ್ಲದ ತಾಂಬೂಲವೂ, ಅದರೊಳಗಿನ ಅಡಿಕೆಯೂ ಕ್ಯಾನ್ಸರನ್ನು ತರಬಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲಿ 2004ರಲ್ಲಿಯೇ ಪ್ರಕಟಿಸಿತ್ತು. ಓದಿದ ಮಗ ನಾನಾಗಿದ್ದೆ. ಆದರೆ ಅದನ್ನು ಮಾತ್ರ ಓದಿರಲಿಲ್ಲ.

ತಾಯಿಯವರ ಎಡಗೆನ್ನೆಯ ಒಳಗೆ ಒಂದು ಬಿಳಿಯ ಮಚ್ಚೆ ಕಂಡು, ಅದು ಹುಣ್ಣಾಗಿ, ಮೂರು ತಿಂಗಳಾದರೂ ಮಾಯಲಿಲ್ಲ. ಸುಣ್ಣ ಸುಟ್ಟಿರಬೇಕೆಂದು ಅವರು ತುಪ್ಪ ಸವರಿಕೊಂಡು ಸುಮ್ಮನಿದ್ದರು. ಬಾಯೊಳಗಿನ ಹುಣ್ಣು ಮೂರು ವಾರಕ್ಕೂ ಮಾಯದಿದ್ದರೆ ವೈದ್ಯರಿಗೆ ತೋರಿಸಲೇಬೇಕೆಂಬ ಸಣ್ಣ ತಿಳಿವಳಿಕೆ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಕಡೆಗೆ ಹುಣ್ಣಿನ ಚೂರನ್ನು ತೆಗೆದು ಪರೀಕ್ಷಿಸಿದ ವರದಿ ನನ್ನ ಕೈಗೆ ಬಂದ ಸಂಜೆ, ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಎಷ್ಟು ಹೊತ್ತು ಕುಳಿತಿದ್ದೆನೋ ತಿಳಿಯದು.

ಮನೆಗೆ ಬಂದವನೇ ಹೆಂಡತಿಗೂ ತಂಗಿಗೂ ಒಂದು ಕಟ್ಟಪ್ಪಣೆ ಮಾಡಿದೆ: ಅವ್ವನ ಮುಂದೆ ಆ ಹೆಸರನ್ನು ಎತ್ತಕೂಡದು. 'ಗಂಟು' ಎನ್ನೋಣ, 'ಹುಣ್ಣು' ಎನ್ನೋಣ. ನಿಘಂಟಿನಲ್ಲಿ 'ಅರ್ಬುದ'ವೆಂದಿದೆ, 'ಏಡಿಗಂತಿ' ಎಂಬ ಅಚ್ಚಗನ್ನಡದ ಮಾತೂ ಇದೆ. ಪದಗಳ ಹುಟ್ಟು, ಬೆಳವಣಿಗೆಗಳನ್ನು ತರಗತಿಯಲ್ಲಿ ಗಂಟೆಗಟ್ಟಲೆ ವಿವರಿಸುವ ನನಗೆ ನನ್ನ ಮನೆಯೊಳಗೆ ಒಂದು ಪದವನ್ನು ಉಚ್ಚರಿಸುವ ಧೈರ್ಯ ಇರಲಿಲ್ಲ. ವೈದ್ಯರಲ್ಲಿಯೂ ಇದನ್ನೇ ಬೇಡಿಕೊಂಡೆ. ಅವರು ಕನ್ನಡಕವನ್ನು ತೆಗೆದು ಮೇಜಿನ ಮೇಲಿಟ್ಟು, "ನಾನಾಗಿ ಹೇಳುವುದಿಲ್ಲ. ಆದರೆ ಅವರಾಗಿ ಕೇಳಿದರೆ ಸುಳ್ಳು ಹೇಳಲಾರೆ" ಎಂದರು. ತಾಯಿಯವರು ಕೇಳಲಿಲ್ಲ. ನನ್ನ ಉಪಾಯ ಫಲಿಸಿತೆಂದೇ ನಾನು ತಿಳಿದೆ.

ಹಿಂದೆ ಈ ಸೀಮೆಯ ರೋಗಿಗಳು ಇಂಥ ಚಿಕಿತ್ಸೆಗೆ ಬೆಂಗಳೂರಿಗೆ ಹೋಗಬೇಕಾಗಿತ್ತು. ಅಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆ ಇಂದಿಗೂ ನಾಡಿನ ಮೂಲೆಮೂಲೆಯ ಬಡವರಿಗೆ ಆಶ್ರಯ. ಈಗ ಮೈಸೂರಿನಲ್ಲಿಯೂ, ಹೆಬ್ಬಾಳದ ಬಳಿ ಹೊರವರ್ತುಲ ರಸ್ತೆಯಲ್ಲಿರುವ ಭಾರತ್ ಆಸ್ಪತ್ರೆಯಂಥ ಕಡೆ, ವಿಕಿರಣ ಚಿಕಿತ್ಸೆ ದೊರೆಯುತ್ತದೆ. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ನೆರವುಂಟು. ಚಿಕಿತ್ಸೆಗೆಂದು ಪ್ರಯಾಣ ಮಾಡುವ ಕ್ಯಾನ್ಸರ್ ರೋಗಿಗೂ ಜೊತೆಯವರಿಗೂ ರೈಲ್ವೆಯವರು ದರದಲ್ಲಿ ರಿಯಾಯಿತಿ ಕೊಡುತ್ತಾರೆ. ಇವೆಲ್ಲ ಮೊದಲೇ ತಿಳಿದಿದ್ದರೆ ಎಷ್ಟೋ ಮನೆಗಳಲ್ಲಿ ಒಡವೆ ಉಳಿದೀತು.

ಮೊದಲು ಶಸ್ತ್ರಚಿಕಿತ್ಸೆಯಾಯಿತು. ಗಾಯ ಮಾಯಲು ಐದು ವಾರ ಬಿಟ್ಟು ವಿಕಿರಣ ಕೊಡುವುದೆಂದು ಗೊತ್ತಾಯಿತು. ಸೋಮವಾರದಿಂದ ಶುಕ್ರವಾರದವರೆಗೆ ವಾರಕ್ಕೆ ಐದು ದಿನ. ಹೀಗೆ ಆರು ವಾರ. ಒಟ್ಟು 30 ಸಲ. ಅದಕ್ಕೆ ಮೊದಲು ದಂತವೈದ್ಯರಲ್ಲಿ ಹಲ್ಲುಗಳ ಪರೀಕ್ಷೆ. ವಿಕಿರಣದ ಬಳಿಕ ಹಲ್ಲು ಕಿತ್ತರೆ ದವಡೆಯ ಗಾಯ ಸುಲಭವಾಗಿ ಮಾಯದಂತೆ. ಆಮೇಲೆ ಮುಖಕ್ಕೆ ಒಂದು ಕವಚ. ಬಿಸಿನೀರಿನಲ್ಲಿ ಮೆತ್ತಗಾಗುವ ಪ್ಲಾಸ್ಟಿಕ್ ಹಾಳೆಯೊಂದನ್ನು ರೋಗಿಯ ಮುಖದ ಮೇಲೆ ಹರಡಿ ಒತ್ತುತ್ತಾರೆ. ಅದು ಆರಿ, ಗಟ್ಟಿಯಾಗಿ, ಮುಖದ ಅಚ್ಚೇ ಆಗುತ್ತದೆ. ಉಸಿರಾಡಲು ಮೈತುಂಬ ತೂತುಗಳಿರುತ್ತವೆ. ದಿನವೂ ಅದನ್ನು ತೊಡಿಸಿ ಮೇಜಿಗೆ ಬಿಗಿದರೆ ಮುಖ ಕೂದಲೆಳೆಯಷ್ಟೂ ಅಲುಗದು. ಕಿರಣ ಗುರಿ ತಪ್ಪದು. ತಾಯಿಯವರು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಸೋಮನ ಕುಣಿತದ ಮುಖ ಇದ್ದಂಗದೆ" ಎಂದರು. ಕಿರಣ ಬಿಡುವ ಕೊಠಡಿಯಲ್ಲಿ ರೋಗಿಯ ಹೊರತು ಮತ್ತಾರೂ ಇರುವಂತಿಲ್ಲ. ಭಾರವಾದ ಬಾಗಿಲು ಮುಚ್ಚಿಕೊಳ್ಳುತ್ತದೆ. ಒಳಗೆ ಕೆಲವೇ ನಿಮಿಷ, ನೋವಿಲ್ಲ, ಶಾಖವಿಲ್ಲ. ಹೊರಗೆ ನಿಂತವನಿಗೆ ಮಾತ್ರ ಅದು ಒಂದು ಪ್ರಹರ.

"ಎಲ್ಲಾನೂ ಒಂದೇ ದಿನ ಕೊಟ್ಟು ಮುಗಿಸಬಾರ್ದಾ?" ಎಂದು ತಾಯಿಯವರು ಕೇಳಿದರು. ಅದು ಭಾದ್ರಪದ ಮಾಸ. ದಸರಾ ಆನೆಗಳು ಕಾಡಿನಿಂದ ಬಂದು, ಅರಮನೆಯಿಂದ ಬನ್ನಿಮಂಟಪದವರೆಗೆ ದಿನವೂ ತಾಲೀಮು ನಡೆಸುತ್ತಿದ್ದವು. ನಾನು ಆನೆಯ ದೃಷ್ಟಾಂತವನ್ನೇ ಹೇಳಿದೆ. 750 ಕಿಲೋ ತೂಗುವ ಅಂಬಾರಿಯನ್ನು ಹೊರುವ ಆನೆಗೆ ಮೊದಲ ದಿನವೇ ಅಷ್ಟು ಭಾರ ಹೇರುವುದಿಲ್ಲ. ಮರಳಿನ ಮೂಟೆಗಳನ್ನು ಹೊರಿಸಿ ಮೆಲ್ಲಮೆಲ್ಲನೆ ಪಳಗಿಸುತ್ತಾರೆ. ಮೈಯೂ ಹಾಗೆಯೇ. ಕಿರಣ ರೋಗದ ಕಣಗಳನ್ನೂ ಹೊಡೆಯುತ್ತದೆ, ಆರೋಗ್ಯದ ಕಣಗಳನ್ನೂ ಹೊಡೆಯುತ್ತದೆ. ಆರೋಗ್ಯದ ಕಣಗಳು ಒಂದು ದಿನದ ಬಿಡುವಿನಲ್ಲಿ ಚೇತರಿಸಿಕೊಳ್ಳುತ್ತವೆ. ರೋಗದ ಕಣಗಳಿಗೆ ಆ ಶಕ್ತಿ ಕಡಿಮೆ. ಆ ವ್ಯತ್ಯಾಸದಲ್ಲಿಯೇ ಚಿಕಿತ್ಸೆಯ ಗುಟ್ಟಿದೆ. 'ರೋಗ' ಎಂದೆನೇ ಹೊರತು ಅದರ ಹೆಸರನ್ನು ಆಗಲೂ ಹೇಳಲಿಲ್ಲ.

ಇನ್ನು ದಾರಿಯ ವಿಚಾರ. ಬೆಳಗಿನ ಏಳು ಗಂಟೆಗೆ ಕುವೆಂಪುನಗರದ ನಮ್ಮ ಮನೆಯಿಂದ ಹೊರಟರೆ ಮೊದಲು ಕುಕ್ಕರಹಳ್ಳಿ ಕೆರೆಯ ಸನಿಹಕ್ಕೆ ಬರುತ್ತೇವೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಈ ಕೆರೆಯ ಏರಿಯ ಮೇಲೆ ಆ ಹೊತ್ತಿಗೆ ಆರೋಗ್ಯಾಕಾಂಕ್ಷಿಗಳ ದಂಡೇ ನಡೆಯುತ್ತಿರುತ್ತದೆ. ನೀರಿನ ಮೇಲೆ ಹೆಜ್ಜಾರ್ಲೆಗಳು ತೇಲುತ್ತಿರುತ್ತವೆ. ಅಲ್ಲಿಂದ ಹುಣಸೂರು ರಸ್ತೆ, ರೈಲ್ವೆ ನಿಲ್ದಾಣ. ಬಳಿಕ ಕೃಷ್ಣರಾಜಸಾಗರದ ರಸ್ತೆ. ಅದರ ಮಗ್ಗುಲಲ್ಲಿ ರಾಜಕುಮಾರಿ ಚೆಲುವಾಜಮ್ಮಣ್ಣಿಯವರಿಗಾಗಿ ಕಟ್ಟಿದ ಭವ್ಯ ಸೌಧ; 1950ರಿಂದ ಅದು ಕೇಂದ್ರೀಯ ಆಹಾರ ಸಂಶೋಧನಾಲಯ. ಮುಂದೆ ಆಕಾಶವಾಣಿ. ಆ ಹೆಸರೇ ಈ ಊರಿನಲ್ಲಿ ಹುಟ್ಟಿದ್ದು. ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ತೆರೆದರು. ಅದರ ಹೆಸರು ಮುಂದೆ ದೇಶದ ಬಾನುಲಿಗೇ ಹೆಸರಾಯಿತು. ಅದನ್ನೂ ದಾಟಿದರೆ ಒಂಟಿಕೊಪ್ಪಲು, ಆಮೇಲೆ ಎತ್ತರದ ಮರಗಳ ನಡುವೆ ಕ್ಷಯರೋಗದ ಹಳೆಯ ಆಸ್ಪತ್ರೆ, ಮೇಟಗಳ್ಳಿ. ಕಡೆಗೆ ವರ್ತುಲ ರಸ್ತೆ.

ತಾಯಿಯವರಿಗೆ ಮೊದಲಿನಿಂದಲೂ ಒಂದು ಅಭ್ಯಾಸ. ಪೇಟೆಗೆ ಬಂದರೆ ಅಂಗಡಿಗಳ ಫಲಕಗಳನ್ನೆಲ್ಲ ಅಕ್ಷರಕ್ಕೆ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದುವುದು. ಕಲಿತ ನಾಲ್ಕು ತರಗತಿಯ ವಿದ್ಯೆಯನ್ನು ಅವರು ಹಾಗೆಯೇ ಕಾಪಾಡಿಕೊಂಡು ಬಂದಿದ್ದರು. ಈ ದಾರಿಯಲ್ಲಿಯೂ ಅದೇ. 'ಔಷಧಾಲಯ', 'ಇಲ್ಲಿ ಹಿಟ್ಟು ಬೀಸಿ ಕೊಡಲಾಗುವುದು', 'ಶುದ್ಧ ಕುಡಿಯುವ ನೀರು', ಎಲ್ಲವೂ ಪಾರಾಯಣವಾಗುತ್ತಿತ್ತು. ಆಟೋ ಓಡಿಸುವ ಹುಡುಗನಿಗೆ ಇದೊಂದು ವಿನೋದ. "ಅಮ್ಮಾ, ಅದ್ನ ಬಿಟ್ಬಿಟ್ರಲ್ಲ" ಎಂದು ನೆನಪಿಸುತ್ತಿದ್ದ. ಆದರೆ ವರ್ತುಲ ರಸ್ತೆ ಹತ್ತಿರವಾಗುತ್ತಿದ್ದಂತೆ ತಾಯಿಯವರ ಓದು ನಿಂತುಬಿಡುತ್ತಿತ್ತು. ಕೊನೆಯ ಅರ್ಧ ಮೈಲಿ ಅವರು ಸೆರಗನ್ನು ಬಾಯಿಗೆ ಹಿಡಿದು ಮೌನವಾಗಿರುತ್ತಿದ್ದರು. ದಣಿವಿರಬೇಕೆಂದು ನಾನು ತಿಳಿದೆ.

ಆಸ್ಪತ್ರೆಯ ಕಾಯುವ ಹಜಾರವೂ ಒಂದು ಪುಟ್ಟ ಊರೇ. ಕೊಳ್ಳೇಗಾಲದಿಂದ ಮೊದಲ ಬಸ್ಸಿಗೆ ಹೊರಟು ಬಂದ ಅಣ್ಣತಮ್ಮಂದಿರು, ಕೊಡಗಿನಿಂದ ಮಗಳೊಡನೆ ಬಂದ ತಂದೆ, ಗುಂಡ್ಲುಪೇಟೆಯ ಅತ್ತೆ ಸೊಸೆ: ಮೂರನೆಯ ದಿನಕ್ಕೆಲ್ಲ ಎಲ್ಲರೂ ಬಳಗವಾದರು. ಅಲ್ಲಿ ಯಾರೂ ಯಾರಿಗೂ 'ಧೈರ್ಯವಾಗಿರಿ' ಎಂದು ಉಪದೇಶ ಮಾಡುವುದಿಲ್ಲ. ರಾಗಿಯ ಗಂಜಿಯನ್ನು ಬಟ್ಟೆಯಲ್ಲಿ ಸೋಸಿದರೆ ಗಂಟಲಿಗೆ ಇಳಿಯುತ್ತದೆ. ಉಗುರುಬೆಚ್ಚಗಿನ ನೀರಿಗೆ ಚಿಟಿಕೆ ಉಪ್ಪು, ಚಿಟಿಕೆ ಅಡುಗೆ ಸೋಡ ಹಾಕಿ ದಿನಕ್ಕೆ ಐದಾರು ಸಲ ಬಾಯಿ ಮುಕ್ಕಳಿಸಬೇಕು. ಕಿರಣ ಬೀಳುವ ಚರ್ಮಕ್ಕೆ ಸೋಪು, ಎಣ್ಣೆ ತಾಗಿಸಬಾರದು. ದವಡೆ ಬಿಗಿಯದಂತೆ ದಿನವೂ ಬಾಯಿ ತೆರೆಯುವ ಅಭ್ಯಾಸ ಮಾಡಿಸಬೇಕು. ಹೀಗೆ ವೈದ್ಯರೂ ದಾದಿಯರೂ ಹೇಳಿದ್ದನ್ನು ಹಳಬರು ಹೊಸಬರಿಗೆ ದಾಟಿಸುತ್ತಾರೆ. ರೋಗಿಯ ಜೊತೆಗಾರನ ಕೆಲಸವೆಂದರೆ ಇಂಥ ಸಣ್ಣ ಸಂಗತಿಗಳನ್ನು ತಪ್ಪದೆ ಮಾಡುವುದು, ಮತ್ತು ಕಾಯುವುದು. ಎಂ.ಎ. ಪದವಿಗೆ ಓದುವಾಗ ಕಲಿಯದಿದ್ದ ವಿದ್ಯೆ ಅದು.

ಮೂರನೆಯ ವಾರ ಕಷ್ಟ ಆರಂಭವಾಯಿತು. ಬಾಯೆಲ್ಲ ಹುಣ್ಣು. ಎಂಜಲು ಒಣಗಿ ಅಂಟಾಯಿತು. ಕೆನ್ನೆಯ ಚರ್ಮ ಕಪ್ಪಾಯಿತು. ರುಚಿ ಹೋಯಿತು, ಮಜ್ಜಿಗೆಯೂ ನೀರೂ ಒಂದೇ. ವಾರಕ್ಕೊಮ್ಮೆ ತೂಗುವಾಗ ತಕ್ಕಡಿಯ ಮುಳ್ಳನ್ನು ನೋಡಲು ನನಗೆ ಭಯ. "ತೂಕ ಇಳಿಯಬಾರದು, ಇಳಿದರೆ ಮೂಗಿನಿಂದ ನಳಿಗೆ ಹಾಕಬೇಕಾದೀತು" ಎಂದು ವೈದ್ಯರು ಎಚ್ಚರಿಸಿದ್ದರು. ಒಂದು ರಾತ್ರಿ ತಾಯಿಯವರು ಗಂಜಿಯ ಲೋಟವನ್ನು ದೂರ ಸರಿಸಿ, "ನಾಳೆಯಿಂದ ಬರಾಕಿಲ್ಲ" ಎಂದರು. ನಾನು ರೇಗಿದೆ. "ಬರೀ ಹುಣ್ಣು ಅವ್ವ, ಇನ್ನು ಹದಿನೈದು ದಿನದಲ್ಲಿ ವಾಸಿಯಾಗುತ್ತದೆ" ಎಂದು ಗದರಿದೆ. ಅವರು ನನ್ನ ಮುಖವನ್ನು ನೋಡಿ, ಏನೋ ಹೇಳಹೊರಟು, ಹೇಳದೆ ಮಲಗಿದರು.

ಹದಿನೆಂಟನೆಯ ದಿನ. ಚಿಕಿತ್ಸೆ ಮುಗಿಸಿ ಹಿಂದಿರುಗುತ್ತಿದ್ದೆವು. ಬಾಯಿ ಉರಿಯುತ್ತಿದೆ, ಮುಕ್ಕಳಿಸಬೇಕೆಂದು ಅವರು ಸನ್ನೆ ಮಾಡಿದರು. ಆಟೋ ನಿಂತದ್ದು ಕ್ಷಯರೋಗದ ಆಸ್ಪತ್ರೆಯ ಮುಂದೆ, ಮರದ ನೆರಳಿನಲ್ಲಿ. ಮೈಸೂರಿನವರು ಅದನ್ನು ಪಿ.ಕೆ. ಸ್ಯಾನಿಟೋರಿಯಂ ಎನ್ನುತ್ತಾರೆ. ಬಾಯಿ ಮುಕ್ಕಳಿಸಿ, ಸೆರಗಿನಿಂದ ಒರೆಸಿಕೊಂಡು, ತಾಯಿಯವರು ಅಲ್ಲಿಯ ಫಲಕವನ್ನು ಮೆಲ್ಲಗೆ ಓದಿಕೊಂಡರು.

"ಇದು ಯಾರ ಹೆಸರು ಮಗ?"

ನನಗೆ ತಿಳಿದಿದ್ದನ್ನು ಹೇಳಿದೆ. ಕೃಷ್ಣಾಜಮ್ಮಣ್ಣಿಯವರು ನಾಲ್ವಡಿ ಕೃಷ್ಣರಾಜ ಒಡೆಯರ ಒಡಹುಟ್ಟಿದವರು. ಅವರಿಗೆ ಕ್ಷಯ ತಗುಲಿತು. ಅವರೂ ಉಳಿಯಲಿಲ್ಲ, ಅವರ ಹೆಣ್ಣುಮಕ್ಕಳೂ ಅದೇ ವ್ಯಾಧಿಗೆ ತುತ್ತಾದರು. ಆಗಿನ್ನೂ ಅದಕ್ಕೆ ಮದ್ದೇ ಇರಲಿಲ್ಲ; ಸ್ಟ್ರೆಪ್ಟೊಮೈಸಿನ್ ಎಂಬ ಔಷಧ ದೊರೆತದ್ದು 1943ರಲ್ಲಿ. ಅಲ್ಲಿಯವರೆಗೆ ಒಳ್ಳೆಯ ಗಾಳಿ, ಬಿಸಿಲು, ಪೌಷ್ಟಿಕ ಆಹಾರ, ವಿಶ್ರಾಂತಿ, ಇಷ್ಟೇ ಚಿಕಿತ್ಸೆ. ರಾಜಕುಮಾರಿಯ ನೆನಪಿಗೆ ಊರ ಹೊರಗಿನ ಈ ದಿಬ್ಬದಲ್ಲಿ 1921ರಲ್ಲಿ ಆರೋಗ್ಯಧಾಮ ತೆರೆಯಿತು. ಪ್ರಾಚೀನರು ಕ್ಷಯವನ್ನು 'ರಾಜಯಕ್ಷ್ಮ' ಎಂದು ಕರೆದರು. ಅದು ಅರಸರ ಮನೆಯನ್ನೂ ಬಿಡಲಿಲ್ಲ.

ತಾಯಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಹುಣ್ಣಾದ ಬಾಯಿಂದ ಒಂದೊಂದೇ ಮಾತು ಹೊರಬಂತು.

"ಅವಳ ಹೆಸರ ಜೊತೇಲೇ ಕಾಯಿಲೆ ಹೆಸರ್ನೂ ಬರೆಸವ್ರಲ್ಲಪ್ಪ."

"ಹೌದವ್ವ."

"ಅರಮನೆಯೋರಿಗೇ ಇಲ್ದಿರೋ ನಾಚ್ಕೆ ನಿಂಗ್ಯಾಕೆ?"

ನಾನು ಉತ್ತರ ಕೊಡಲಾರದೆ ಹೋದೆ. ಅವರೇ ಮುಂದುವರಿಸಿದರು.

"ನಂಗೂ ನಾಕಕ್ಷರ ಓದಕ್ಕೆ ಬತ್ತದೆ ಕಣಪ್ಪ. ಆಸ್ಪತ್ರೆ ಮುಂದೆ ಅಷ್ಟು ದಪ್ಪಕ್ಷರದಾಗೆ ಕ್ಯಾನ್ಸರ್ ಅಂತ ಬರ್ದವ್ರೆ. ಮೊದಲ್ನೇ ದಿನವೇ ಓದ್ಕೊಂಡೆ. ನೀನು ಹೆದರ್ಕೊಂಡಿದ್ಯಲ್ಲ, ಅದಕ್ಕೇ ಸುಮ್ನಿದ್ದೆ."

ವರ್ತುಲ ರಸ್ತೆ ಬಂದೊಡನೆ ಅವರ ಓದು ಏಕೆ ನಿಲ್ಲುತ್ತಿತ್ತೆಂಬುದು ನನಗೆ ಆಗ ತಿಳಿಯಿತು. ನಾನು ಅವರನ್ನು ಕಾಪಾಡುತ್ತಿದ್ದೇನೆಂದು ತಿಳಿದ ದಿನಗಳಲ್ಲಿ ಅವರೇ ನನ್ನನ್ನು ಕಾಪಾಡುತ್ತಿದ್ದರು. ಹುಣ್ಣಿನ ನೋವಿನೊಡನೆ ಮಗನ ಸುಳ್ಳಿನ ಭಾರವನ್ನೂ ಹದಿನೆಂಟು ದಿನ ಒಬ್ಬರೇ ಹೊತ್ತಿದ್ದರು. ಮರದ ನೆರಳಿನಲ್ಲಿ, ಆಟೋ ಹುಡುಗನ ಎದುರಿನಲ್ಲಿಯೇ, ನಾನು ಮಗುವಿನಂತೆ ಅತ್ತುಬಿಟ್ಟೆ. ಅವರು ನನ್ನ ಬೆನ್ನು ಸವರಿ, "ನಡಿ, ಕಾಲೇಜಿಗೆ ಹೊತ್ತಾಗ್ತದೆ" ಎಂದರು.

ಅಂದಿನಿಂದ ಮನೆಯ ಗಾಳಿಯೇ ಬದಲಾಯಿತು. ಮರುದಿನ ತಾಯಿಯವರು ವೈದ್ಯರನ್ನು ತಾವೇ ನೇರವಾಗಿ ಕೇಳಿದರು: ಇದು ಪೂರ್ತಿ ಹೋಗುತ್ತದೆಯೋ? ಮತ್ತೆ ಬರಬಹುದೋ? ಹುಳಿಯ ರುಚಿ ಯಾವಾಗ ಬರುತ್ತದೆ? ವೈದ್ಯರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಎಲ್ಲಕ್ಕೂ ಉತ್ತರ ಕೊಟ್ಟರು. ಮತ್ತೆ ಬರುವ ಸಂಭವವುಂಟು, ಅದಕ್ಕೇ ಈ ಚಿಕಿತ್ಸೆ; ಕಿರಣ ಮುಗಿದ ಮೇಲೂ ಎರಡು ವಾರ ಹುಣ್ಣು ಕಾಡೀತು; ರುಚಿ ಮರಳಲು ತಿಂಗಳುಗಳೇ ಬೇಕಾದೀತು. ಕಠಿಣವಾದ ಆ ಉತ್ತರಗಳನ್ನು ಕೇಳಿದ ಮೇಲೆ ಅವರು ಗಂಜಿಯನ್ನು ದೂಡಲಿಲ್ಲ. ಏತಕ್ಕಾಗಿ ನುಂಗಬೇಕೆಂಬುದು ತಿಳಿದಿತ್ತಲ್ಲ! ಸಂಚಿಯನ್ನು ತಾವೇ ತಂದು ನನ್ನ ಹೆಂಡತಿಯ ಕೈಗಿತ್ತು, "ಒಲೆಗಾಕು" ಎಂದರು. ಹಜಾರದ ಬಳಗದಲ್ಲಿ ಹೊಗೆಸೊಪ್ಪು ಹಾಕುವ ಹೆಂಗಸರಿಗೆಲ್ಲ ತಮ್ಮ ಕೆನ್ನೆಯನ್ನು ತೋರಿಸಿ ಬುದ್ಧಿ ಹೇಳತೊಡಗಿದರು. ರೋಗದ ಹೆಸರು ಬಾಯಿಗೆ ಬಂದ ಮೇಲೆ ಭಯ ಹೋಗಲಿಲ್ಲ, ನಿಜ. ಆದರೆ ಅದನ್ನು ಹಂಚಿಕೊಳ್ಳುವುದು ಸಾಧ್ಯವಾಯಿತು.

ಕೃಷ್ಣಾಜಮ್ಮಣ್ಣಿಯವರ ಆಸ್ಪತ್ರೆ ಒಂಟಿ ದೃಷ್ಟಾಂತವಲ್ಲ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿ ತೆರೆಯಿತು; ಅದರ ಹಿಂದಿರುವುದು ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ಮೆಹರ್‌ಬಾಯಿ ಟಾಟಾ ಅವರ ನೆನಪು. ಮದರಾಸಿನ ಅಡ್ಯಾರಿನಲ್ಲಿ 1954ರಲ್ಲಿ ಕ್ಯಾನ್ಸರ್ ಸಂಸ್ಥೆಯನ್ನು ಕಟ್ಟಿದ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು ಇದೇ ರೋಗದಿಂದ ತಂಗಿಯನ್ನು ಕಳೆದುಕೊಂಡಿದ್ದವರು. ಇವರೆಲ್ಲ ತಮ್ಮ ಮನೆಯ ದುಃಖವನ್ನು ಮುಚ್ಚಿಡದೆ, ಹೆಸರಿಟ್ಟು ಹೇಳಿ, ಲೋಕಕ್ಕೆ ನೆರಳಾಗುವಂತೆ ಮಾಡಿದರು. ನಮ್ಮಂಥ ಸಾಮಾನ್ಯರು ಆಸ್ಪತ್ರೆ ಕಟ್ಟಲಾರೆವು. ಆದರೆ ನಮ್ಮ ಮನೆಯ ರೋಗಿಯ ಮುಂದೆ ನಿಜದ ಮಾತನ್ನು ಮೆಲ್ಲಗೆ, ಕೈ ಹಿಡಿದು, ಆಡಬಲ್ಲೆವು.

ಮೂವತ್ತನೆಯ ಬೆಳಗು ಬಂತು. ಕೆರೆ, ನಿಲ್ದಾಣ, ಆಕಾಶವಾಣಿ, ಸ್ಯಾನಿಟೋರಿಯಂ, ಮೇಟಗಳ್ಳಿ. ತಾಯಿಯವರು ದಾರಿಯ ಫಲಕಗಳನ್ನು ಒಂದೂ ಬಿಡದೆ ಓದುತ್ತ ಬಂದರು. ದನಿ ಗೊಗ್ಗರಾಗಿತ್ತು. ಆಸ್ಪತ್ರೆಯ ದ್ವಾರದಲ್ಲಿ ಆಟೋ ನಿಧಾನಿಸಿದಾಗ ತಲೆಯೆತ್ತಿ ಆ ದೊಡ್ಡ ಫಲಕವನ್ನೂ ಅಕ್ಷರಕ್ಕೆ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದರು. ಆಟೋ ಹುಡುಗ, "ಅಮ್ಮಾ, ಇವತ್ತು ಪಾಸು" ಎಂದ.

ಆ ವರ್ಷದ ನವರಾತ್ರಿಯಲ್ಲಿ ಒಂದು ಸಂಜೆ ಅವರನ್ನು ಅರಮನೆಯ ದೀಪಾಲಂಕಾರ ನೋಡಲು ಕರೆದೊಯ್ದೆ. ಸುಮಾರು ಒಂದು ಲಕ್ಷ ದೀಪಗಳು ಒಮ್ಮೆಲೇ ಹೊತ್ತಿಕೊಂಡಾಗ ನೆರೆದವರೆಲ್ಲ 'ಹೋ' ಎಂದರು. ತಾಯಿಯವರು ಅಷ್ಟೇನೂ ಬೆರಗಾಗದೆ, "ಅವಳು ಹುಟ್ಟಿದ್ದು ಈ ವಂಶದಲ್ಲೇ ಅಲ್ವಾ?" ಎಂದು ಕೇಳಿದರು. ಯಾರೆಂದು ನಾನು ಕೇಳಬೇಕಾಗಿರಲಿಲ್ಲ.

ಈಗಲೂ ಎರಡು ತಿಂಗಳಿಗೊಮ್ಮೆ ತಪಾಸಣೆಗೆ ಹೋಗುತ್ತೇವೆ. 'ಗೆದ್ದೆವು' ಎಂದು ವೈದ್ಯರು ಹೇಳುವುದಿಲ್ಲ. 'ಚೆನ್ನಾಗಿದ್ದೀರಿ, ಮತ್ತೆ ಬನ್ನಿ' ಎನ್ನುತ್ತಾರೆ. ಅಷ್ಟು ಸಾಕು. ಯುಗಾದಿಯ ಹೊತ್ತಿಗೆ ತಾಯಿಯವರಿಗೆ ಬೇವಿನ ಕಹಿ ನಾಲಗೆಗೆ ತಗುಲಿತು. ಆ ಕಹಿಗೆ ಅಷ್ಟು ಸಂತೋಷಪಟ್ಟವರನ್ನು ನಾನು ಬೇರೆ ಕಂಡಿಲ್ಲ. ಬೆಲ್ಲದ ಸಿಹಿ ಇನ್ನೂ ಪೂರ್ತಿಯಾಗಿ ಮರಳಿಲ್ಲ.

ಮೈಸೂರನ್ನು ನೋಡಲು ಎಷ್ಟು ದಿನ ಬೇಕೆಂದು ನಂಟರು ಕೇಳಿದರೆ ಎರಡು ದಿನವೆಂದೇ ಈಗಲೂ ಹೇಳುತ್ತೇನೆ. ಆದರೆ ಬೃಂದಾವನಕ್ಕೆ ಹೊರಟವರಿಗೆ ಒಂದು ಮಾತನ್ನು ಸೇರಿಸುತ್ತೇನೆ: ದಾರಿಯಲ್ಲಿ, ಒಂಟಿಕೊಪ್ಪಲು ದಾಟಿದ ಮೇಲೆ, ಮರಗಳ ನಡುವೆ ಒಂದು ಹಳೆಯ ಆಸ್ಪತ್ರೆಯಿದೆ. ಗಾಡಿಯನ್ನು ಒಂದು ಕ್ಷಣ ನಿಲ್ಲಿಸಿ, ಅದರ ಫಲಕವನ್ನು ಗಟ್ಟಿಯಾಗಿ ಓದಿ.